ಯಾವ ರೊಟ್ಟಿ

ಗೋಧಿ ಇನ್ನೂ ಅರಳಿರಲಿಲ್ಲ. ಮುದುಕಿ ಕ್ರೂನಿಯ ನಾಲ್ಕು ಕಾಳನ್ನು ಸೌಟಿನಲ್ಲಿ ಎತ್ತಿ, ಊದಿ, ಬೆರಳಲ್ಲಿ ಹಿಸುಕಿ ನೋಡಿ, ಮತ್ತೆ ಪಾತ್ರೆಗೆ ಬಿಟ್ಟಳು. ನಾಳೆ ಸತ್ತವರ ಶನಿವಾರ. ಬೆಂದ ಗೋಧಿಗೆ ಸಕ್ಕರೆ, ಅಕ್ರೋಟಿನ ಪುಡಿ ಕಲಸಿ, ನಡುವೆ ಮೇಣದ ಬತ್ತಿ ನೆಟ್ಟು, ಮಗಳು ರೂಜಳ ಸಮಾಧಿಗೆ ಒಯ್ಯಬೇಕು. ಪಾದ್ರಿಗಳು ಹೆಸರು ಕೂಗಿ ಪ್ರಾರ್ಥಿಸಿದ ಮೇಲೆ ಬಂದವರಿಗೆಲ್ಲ ಒಂದೊಂದು ಚಮಚ ಕೊಡಬೇಕು. ಈ ಗೋಧಿ ಬೇಯಿಸುವಾಗ ಯಾರ ಮೇಲೂ ಸಿಟ್ಟು ಇಟ್ಟುಕೊಳ್ಳಬಾರದೆಂದು ಅವಳ ತಾಯಿ ಹೇಳಿಕೊಟ್ಟಿದ್ದಳು. ಸಿಟ್ಟಿನಲ್ಲಿ ಬೆಂದ ಗೋಧಿ ಸತ್ತವರ ಬಾಯಿಗೆ ಹೋಗುವುದಿಲ್ಲವಂತೆ. ಅದಕ್ಕೇ ಬೆಳಗಿನಿಂದ ಕ್ರೂನಿಯ ತನ್ನ ಮನಸ್ಸನ್ನು ಮಗುವಿನಂತೆ ಎತ್ತಿ ಬೇರೆ ಕಡೆ ಕೂರಿಸುತ್ತಿದ್ದಳು. ಅದು ತೆವಳಿಕೊಂಡು ಬಂದು ಬೇಲಿಯ ಹತ್ತಿರವೇ ಕೂರುತ್ತಿತ್ತು, ನಿನ್ನೆ ಪರ್ಸಿದ ನಿಂತು ಮಾತಾಡಿದ ಜಾಗದಲ್ಲಿ.

ಪರ್ಸಿದ ಪಕ್ಕದ ಮನೆಯವಳು, ಓರಗೆಯವಳು. ವಾರದಲ್ಲಿ ಮೂರು ಸಲ ಆಸ್ಪತ್ರೆಯ ಗಾಡಿ ಬಂದು ಅವಳನ್ನು ರಕ್ತ ತೊಳೆಸಲು ಪಟ್ಟಣಕ್ಕೆ ಒಯ್ಯುತ್ತದೆ. ನಿನ್ನೆ ಗಾಡಿಯಿಂದ ಇಳಿದವಳು ಮನೆಗೆ ಹೋಗದೆ ನೇರ ಬೇಲಿಗೇ ಬಂದಿದ್ದಳು.

“ಏನೇ ಕ್ರೂನಿಯ, ನಿನ್ನನ್ನ ನನಗೆ ಜೋಡಿ ಹಾಕಿದಾರಂತೆ! ಮಸಣ ಕರೆಯೋ ಹೊತ್ತಿಗೆ ಜೋಡಿ ಸಿಕ್ಕಿತು ನೋಡು ನನಗೆ.”

“ಯಾತರ ಜೋಡಿ?”

“ಊರಿನ ರೋಗ ಎಲ್ಲಿಂದ ಬಂತು ಅಂತ ಹುಡುಕ್ತಾರಂತೆ. ಬೆಲ್‌ಗ್ರೇಡಿಂದ ಡಾಕ್ಟರಮ್ಮ ಬಂದಿದ್ದಾಳೆ. ನಾನು ರೋಗಿ, ನೀನು ಕೊಂತ್ರೋಲಾ. ಒಂದೇ ವಯಸ್ಸು, ಒಂದೇ ಕೇರಿ, ಇಬ್ಬರೂ ಹೆಂಗಸರು. ನನಗೆ ಎಲ್ಲಾ ಆಗಿದೆ, ನಿನಗೆ ಏನೂ ಆಗಿಲ್ಲ. ಅದಕ್ಕೇ ನಿನ್ನನ್ನ ಆರಿಸಿದ್ದು.”

“ನನಗೆ ಏನೂ ಆಗಿಲ್ಲವೇ?”

“ಅಯ್ಯೋ, ನಾನಲ್ಲ ಕಣೇ ಹೇಳಿದ್ದು, ಡಾಕ್ಟರಮ್ಮ. ಬಸ್ಸು ಹತ್ತಿ ಟಿಕೆಟ್ ತೋರಿಸಿ ಅಂತ ಗದರಿಸೋಕೆ ಬರ್ತಾನಲ್ಲ ಕೊಂತ್ರೋಲಾ, ಹಾಗೆ ನೀನು. ನನ್ನ ಟಿಕೆಟ್ಟು ಸರಿಯಾಗಿದೆಯಾ ನೋಡಿ ಇಳಿಸಿಬಿಡು, ಪುಣ್ಯ ಬರುತ್ತೆ!” ಎಂದು ಪರ್ಸಿದ ನಕ್ಕಿದ್ದಳು. ನಗುವಾಗ ಅವಳ ಬಿಳಚಿದ ನಾಲಿಗೆ ಕಂಡಿತ್ತು.

ಏನೂ ಆಗಿಲ್ಲ. ಕ್ರೂನಿಯ ಒಲೆಗೆ ಸೌದೆ ಸರಿಸಿ ತನ್ನ ಅಂಗೈ ನೋಡಿಕೊಂಡಳು. ಒರಟು, ಬಿರುಕು, ಆದರೆ ಬಣ್ಣ ಸರಿಯಾಗಿತ್ತು. ಕೊಲುಬಾರಾ ನದಿಯ ಈ ತಗ್ಗಿನ ಊರುಗಳಲ್ಲಿ ಜನ ಮೊದಲು ಅಂಗೈಯನ್ನೇ ನೋಡಿಕೊಳ್ಳುತ್ತಾರೆ. ರೋಗ ಹಿಡಿದವರ ಅಂಗೈ ತಾಮ್ರದ ಬಣ್ಣಕ್ಕೆ ತಿರುಗುತ್ತದೆ. ಮೊದಲು ಸುಸ್ತು, ಆಮೇಲೆ ಊಟ ಸೇರದು, ಆಮೇಲೆ ಮೂತ್ರಪಿಂಡ ಒಣಗಿದ ಅಕ್ರೋಟಿನಷ್ಟಕ್ಕೆ ಮುದುಡಿದೆ ಎಂದು ಡಾಕ್ಟರು ಹೇಳುತ್ತಾರೆ. ಅವಳ ಅತ್ತೆ ಸ್ತಮೇನಿಯ ಹೋದದ್ದು ಹಾಗೆ. ಗಂಡ ರಾದಿಸಾವನೂ ಹಾಗೇ ಹೋದ. ರೂಜ ತನಗಿನ್ನೂ ನಲವತ್ತು ತುಂಬುವ ಮುಂಚೆ, ಒಂದು ದಿನ ಹಿಟ್ಟು ನಾದುತ್ತಾ ಕೈ ಎತ್ತಿ, “ಅಮ್ಮಾ, ಇಲ್ಲಿ ನೋಡು, ಅಪ್ಪನ ಕೈ ಬಂದಿದೆ ನನಗೆ” ಎಂದಿದ್ದಳು. ತಮಾಷೆಯ ಧ್ವನಿಯಲ್ಲೇ ಹೇಳಿದ್ದಳು. ಹಿಟ್ಟು ಮೆತ್ತಿದ ಆ ಅಂಗೈ ಕಿಟಕಿಯ ಬೆಳಕಿನಲ್ಲಿ ಹೊಸ ತಪ್ಪಲೆಯ ಹಾಗೆ ಹೊಳೆದಿತ್ತು. ಅವಳನ್ನು ಮಣ್ಣಿಗೆ ಕೊಟ್ಟು ಬಂದ ಕ್ರೂನಿಯ ಈಗ ಏನೂ ಆಗದವಳು. ಇಡೀ ಊರಿನಲ್ಲಿ ಏನೂ ಆಗದವರು ಯಾರು ಎಂದು ಹುಡುಕಿ, ಸಿಕ್ಕಳು ಎಂದು ಬರುತ್ತಿದ್ದಾರೆ.

“ಅಮ್ಮ, ನೀರು ಸಾಲುತ್ತಾ, ಇನ್ನೊಂದು ಕ್ಯಾನು ತರಲಾ?” ಎಂದು ಬುದಿಮಿರ ಬಾಗಿಲಲ್ಲಿ ನಿಂತು ಕೇಳಿದ. ರೂಜಳ ಗಂಡ. ಬೆಟ್ಟದ ಮೇಲಿನ ಊರಿನಿಂದ ಬಂದು ಮನೆ ಅಳಿಯನಾದವನು. ಹೆಂಡತಿ ಸತ್ತ ಮೇಲೂ ವಾಪಸು ಹೋಗಲಿಲ್ಲ. ಯಾಕೆಂದು ಅವನೂ ಹೇಳಲಿಲ್ಲ, ಇವಳೂ ಕೇಳಲಿಲ್ಲ. ರೋಗ ಬಾವಿಯ ನೀರಿನಿಂದ ಬರುತ್ತದೆ, ನೆಲದೊಳಗಿನ ಕಲ್ಲಿದ್ದಲು ನೀರಿಗೆ ಇಳಿಯುತ್ತದೆ ಎಂದು ಯಾರೋ ಹೇಳಿದ್ದನ್ನು ನಂಬಿ, ಮದುವೆಯಾದ ವರ್ಷದಿಂದಲೇ ಅವನು ಬೆಟ್ಟದ ಊಟೆಯಿಂದ ನೀರು ಹೊತ್ತು ತರಲು ಶುರು ಮಾಡಿದ್ದ. ಹೆಂಡತಿ ಬಾವಿಯ ನೀರಿನಲ್ಲಿ ಬಾಯಿ ಮುಕ್ಕಳಿಸಲೂ ಬಿಡುತ್ತಿರಲಿಲ್ಲ. “ಕ್ರೂನಿಯ ತಂದದ್ದು ಅಳಿಯನನ್ನಲ್ಲ, ಕತ್ತೆಯನ್ನ” ಎಂದು ಊರು ನಗುತ್ತಿತ್ತು. ಮಳೆಯಲ್ಲಿ, ಹಿಮದಲ್ಲಿ, ಜ್ವರದಲ್ಲಿ ತಂದ. ರೂಜ ಆ ನೀರನ್ನೇ ಕುಡಿದು ಸತ್ತಳು. ಅವನು ಈಗಲೂ ತರುತ್ತಾನೆ. ಇಂದು ಗೋಧಿ ಬೇಯುತ್ತಿರುವುದೂ ಆ ನೀರಿನಲ್ಲೇ.

“ಸಾಲುತ್ತೆ. ನೀನು ಅಕ್ರೋಟು ಒಡೆದುಕೊಡು ಸಾಕು.”

ಅವನು ಮೇಜಿನ ತುದಿಗೆ ಕೂತು ಸಣ್ಣ ಸುತ್ತಿಗೆ ತೆಗೆದುಕೊಂಡ. ಒಂದು ಏಟು, ಒಂದು ಬಿರುಕು, ತಿರುಳು ಬಟ್ಟಲಿಗೆ, ಸಿಪ್ಪೆ ನೆಲಕ್ಕೆ. ಅವನ ಏಟಿಗೆ ಒಂದು ತಾಳವಿತ್ತು. ಆ ತಾಳ ಕೇಳುತ್ತಾ ಕ್ರೂನಿಯಳ ಮನಸ್ಸು ಬೇಲಿ ಬಿಟ್ಟು ಒಳಗೆ ಬಂದು ಸ್ವಲ್ಪ ಕೂತಿತು.

ಡಾಕ್ಟರಮ್ಮ ಬಂದಾಗ ಅವಳನ್ನು ನೋಡಿ ಕ್ರೂನಿಯಳಿಗೆ ನಿರಾಸೆಯೇ ಆಯಿತು. ಬೈಯಲು ತಕ್ಕ ಗತ್ತಿನ ಹೆಂಗಸು ಬರುತ್ತಾಳೆಂದುಕೊಂಡಿದ್ದಳು. ಬಂದವಳು ಚಳಿಗೆ ಮೂಗು ಕೆಂಪಾದ, ಬೂಟಿನ ಕೆಸರನ್ನು ಹೊಸ್ತಿಲ ಹೊರಗೇ ಬಹಳ ಹೊತ್ತು ಉಜ್ಜಿದ ಹುಡುಗಿ. ಹೆಸರು ದೂನ್ಯ ಎಂದಳು. ಸಂಪ್ರದಾಯದಂತೆ ಕ್ರೂನಿಯ ಅವಳಿಗೆ ಒಂದು ಚಮಚ ಪ್ಲಮ್ ಹಣ್ಣಿನ ಪಾಕ, ಒಂದು ಲೋಟ ನೀರು ಕೊಟ್ಟಳು. ಹುಡುಗಿ ಪಾಕ ತಿಂದು, ಚಮಚವನ್ನು ಲೋಟದಲ್ಲಿಟ್ಟು, “ದೇವರು ಕಾಯಲಿ ನಿಮ್ಮ ಕೈಗಳನ್ನ, ಅಜ್ಜಿ” ಎಂದಾಗ, ಈ ಹುಡುಗಿಗೆ ಮನೆಯಲ್ಲಿ ಯಾರೋ ರೀತಿ ಹೇಳಿಕೊಟ್ಟಿದ್ದಾರೆ ಎಂದು ಕ್ರೂನಿಯಳಿಗೆ ಅನ್ನಿಸಿತು. ಆಮೇಲೆ ಅವಳು ಬುದಿಮಿರನ ಕಡೆ ತಿರುಗಿ, “ತಪ್ಪು ತಿಳೀಬೇಡಿ, ಅಜ್ಜಿ ಒಬ್ಬರೇ ಇದ್ದರೆ ಒಳ್ಳೇದು. ಪಕ್ಕದಲ್ಲಿ ಯಾರಾದರೂ ಇದ್ದರೆ ಅವರ ನೆನಪು ಇವರ ಬಾಯಿಂದ ಬರುತ್ತೆ” ಎಂದಳು. ಅವನು ಅಕ್ರೋಟಿನ ಚೀಲ, ಸುತ್ತಿಗೆ ಎತ್ತಿಕೊಂಡು ಜಗಲಿಗೆ ಹೋದ. ಬಾಗಿಲು ಪೂರ್ತಿ ಮುಚ್ಚದು. ಹಳೆಯ ಮರ, ಉಬ್ಬಿದೆ. ಏಟಿನ ತಾಳ ಅಲ್ಲಿಂದ ಮತ್ತೆ ಶುರುವಾಯಿತು.

ಹುಟ್ಟಿದ್ದೆಲ್ಲಿ, ಮದುವೆಯಾದದ್ದು ಯಾವಾಗ, ಬಾವಿ ಎಷ್ಟು ಆಳ. ಕ್ರೂನಿಯ ಉತ್ತರ ಕೊಡುತ್ತಾ ಹೋದಳು. ಮನೆಯಲ್ಲಿ ಎಷ್ಟು ಜನ ಎಂಬ ಪ್ರಶ್ನೆ ಬಂದಾಗ, ಈಗ ಹೇಳಬೇಕು ಅನ್ನಿಸಿ, “ನನ್ನ ಮಗಳು ರೂಜ ಅಂತ...” ಎಂದು ಆರಂಭಿಸಿದಳು. ಹುಡುಗಿ ಪೆನ್ನು ಎತ್ತಿ ಹಿಡಿದು, ಆದಷ್ಟು ಮೆತ್ತಗೆ, “ಅಜ್ಜಿ, ಅದು ಆಮೇಲೆ. ಈಗ ನಿಮ್ಮ ಬಗ್ಗೆ ಮಾತ್ರ” ಎಂದಳು.

“ನನ್ನ ಬಗ್ಗೆ ಏನಿದೆ? ನನಗೆ ಏನೂ ಆಗಿಲ್ಲವಲ್ಲ.”

“ಅದಕ್ಕೇ ನೀವು ಬೇಕಾಗಿರೋದು. ನೋಡಿ, ರೋಗ ಬಂದವರನ್ನ ಮಾತ್ರ ಕೇಳಿದ್ರೆ, ಎಲ್ಲರೂ ಬಾವಿ ನೀರು ಕುಡಿದೋರೇ. ಹಾಗಂತ ಬಾವಿ ಮೇಲೆ ತಪ್ಪು ಹೊರಿಸೋಕಾಗುತ್ತಾ? ರೋಗ ಬಾರದವರೂ ಅದನ್ನೇ ಕುಡಿದಿದ್ರೆ ಬಾವಿ ಪಾಪದ್ದು, ತಪ್ಪು ಅದರದಲ್ಲ. ಅದಕ್ಕೆ ಒಬ್ಬ ರೋಗಿಗೆ ಒಬ್ಬರು ಆರೋಗ್ಯವಾಗಿರೋರನ್ನ ಜೋಡಿ ಹಾಕ್ತೀವಿ. ಇಬ್ಬರಿಗೂ ಅದೇ ಪ್ರಶ್ನೆ, ಅದೇ ಮಾತಿನಲ್ಲಿ. ಇಬ್ಬರದೂ ಒಂದೇ ಉತ್ತರ ಆದರೆ ಆ ಜೋಡಿ ಮೂಕ, ನಮಗೆ ಏನೂ ಹೇಳಲ್ಲ. ಉತ್ತರ ಬೇರೆಯಾದಲ್ಲಿ ಮಾತ್ರ ಜೋಡಿ ಬಾಯಿ ಬಿಡುತ್ತೆ.”

ಹಾಗಾದರೆ ಪರ್ಸಿದಳ ಬಾಯಿ ನನ್ನ ಕೈಯಲ್ಲಿದೆ, ನನ್ನ ಬಾಯಿ ಅವಳ ಕೈಯಲ್ಲಿ, ಎಂದು ಕ್ರೂನಿಯ ಯೋಚಿಸಿದಳು. ಅದು ಅವಳಿಗೆ ಹಿಡಿಸಲಿಲ್ಲ.

“ಮದುವೆಯಾಗಿ ಈ ಮನೆಗೆ ಬಂದ ಮೇಲೆ, ದಿನಾ ನೀವು ತಿಂತಿದ್ದದ್ದು ಯಾವ ರೊಟ್ಟಿ? ಸ್ವಂತ ಹೊಲದ ಗೋಧಿಯದಾ, ಮೆಕ್ಕೆಜೋಳದ ಪ್ರೋಯನಾ?”

ಪ್ರೋಯ. ಎಷ್ಟು ವರ್ಷದ ಮೇಲೆ ಒಬ್ಬರು ಈ ಮನೆಯಲ್ಲಿ ಆ ಮಾತು ಗಟ್ಟಿಯಾಗಿ ಆಡಿದರು! ಒಲೆಯ ಹತ್ತಿರ ಅತ್ತೆ ಸ್ತಮೇನಿಯ ನಿಂತಿದ್ದಾಳೆ, ದುಂಡನೆಯ ಗೋಧಿ ರೊಟ್ಟಿಯನ್ನು ಎದೆಗೆ ಅವುಚಿ ಹಿಡಿದು ಚಾಕುವನ್ನು ತನ್ನ ಕಡೆಗೇ ಎಳೆದು ಹೋಳು ಮಾಡುತ್ತಿದ್ದಾಳೆ. ಒಂದು ದಿನ ಆ ಚಾಕು ಎದೆಗೇ ಇಳಿಯಲಿ ಎಂದು ಮೂಲೆಯಲ್ಲಿ ನಿಂತ ಎಳೆಯ ಸೊಸೆ ಬಯಸುತ್ತಿದ್ದಾಳೆ, ಬಯಸಿದ್ದಕ್ಕೆ ಹೆದರಿ ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಳ್ಳುತ್ತಿದ್ದಾಳೆ. ಗಂಡಸರಿಗೆ ಮೊದಲು, ಆಮೇಲೆ ಅತ್ತೆಗೆ. ಸೊಸೆ ನಿಂತೇ ಬಡಿಸಬೇಕು, ಎಲ್ಲರೂ ಎದ್ದ ಮೇಲೆ ಬಾಣಲೆಯ ತಳದ ಪ್ರೋಯ ಮುರಿದು ತಿನ್ನಬೇಕು. ಹಳದಿ, ಒಣಕಲು, ಗಂಟಲಲ್ಲಿ ಮರಳಿನಂತೆ ನಿಲ್ಲುವ ಪ್ರೋಯ. “ಸೊಸೆಗೆ ಗೋಧಿ ಕೊಟ್ಟರೆ ಬೆನ್ನು ಬಗ್ಗೋದು ಮರೆಯುತ್ತೆ” ಎಂದು ಅತ್ತೆ ನೆರೆಯವರ ಎದುರಿಗೇ ಹೇಳುತ್ತಿದ್ದಳು. ಆದರೆ ಗಿರಣಿಯಲ್ಲಿ, ಚರ್ಚಿನ ಅಂಗಳದಲ್ಲಿ ಇತರ ಸೊಸೆಯಂದಿರು ಕೇಳಿದರೆ ಕ್ರೂನಿಯ ತಲೆ ಎತ್ತಿ, “ನಮ್ಮ ಮನೇಲಿ ನಾನು ರಾಣಿ ಹಾಗಿದ್ದೀನಮ್ಮ, ಬಿಳೀ ರೊಟ್ಟಿ ಬಿಟ್ಟು ಬೇರೆ ಮುಟ್ಟಲ್ಲ” ಎನ್ನುತ್ತಿದ್ದಳು. ಅವರೂ ಹಾಗೇ ಅನ್ನುತ್ತಿದ್ದರು. ಈ ಊರಿನಲ್ಲಿ ಒಬ್ಬಳನ್ನು ಪ್ರೋಯ ತಿನ್ನುವವಳು ಎನ್ನುವುದೂ ಒಂದೇ, ತವರಿನಲ್ಲಿ ದಿಕ್ಕಿಲ್ಲದವಳು ಎನ್ನುವುದೂ ಒಂದೇ. ರೂಜ ಹುಟ್ಟಿದ ದಿನ ಅವಳು ಗೋಡೆಗೆ ಮುಖ ಮಾಡಿ ಮಲಗಿ ನಿಶ್ಚಯಿಸಿದ್ದಳು: ನನ್ನ ಮಗಳ ಹಲ್ಲಿಗೆ ಪ್ರೋಯ ತಾಗಕೂಡದು. ಬಡಿಸುವಾಗ ಹೋಳು ಕದ್ದು ಲಂಗದ ಜೇಬಿಗೆ ಇಳಿಸಿ, ಹಸುವಿನ ಕೊಟ್ಟಿಗೆಯಲ್ಲಿ ಕೂರಿಸಿ ತಿನ್ನಿಸಿದ ಆ ಬಿಳಿಯ ತಿರುಳು! ಮಗು ಅಗಿಯುವುದನ್ನು ನೋಡುತ್ತಾ ತನ್ನ ಬಾಯಿಯಲ್ಲೂ ರುಚಿ ಬರುತ್ತಿತ್ತು. ಆಮೇಲೆ ಒಂದು ಚಳಿಗಾಲ ಮಗುವಿಗೆ ಗಂಟಲು ಕಟ್ಟುವ ರೋಗ ಬಂದು ಉಸಿರು ಸೀಟಿ ಹೊಡೆಯಲು ಶುರುವಾದಾಗ, ಸಂತ ಪೇತ್ಕಳ ಪಟದ ಮುಂದೆ ಮಂಡಿಯೂರಿ ಹರಕೆ ಹೊತ್ತಳು: ಇವಳನ್ನು ಉಳಿಸಿಕೊಡು ತಾಯೀ, ಇವಳಿರುವಷ್ಟು ಕಾಲ ನಾನು ಗೋಧಿ ರೊಟ್ಟಿ ಮುಟ್ಟುವುದಿಲ್ಲ. ಮಗು ಉಳಿಯಿತು. ಹರಕೆಯ ಒಳಗಿನ ಮೋಸ ಆಮೇಲೆ ಹೊಳೆಯಿತು. ಇಲ್ಲದ್ದನ್ನು ಬಿಡುತ್ತೇನೆ ಎಂದಿದ್ದಳು. ಅತ್ತೆ ಕೊಡದ ರೊಟ್ಟಿಯನ್ನು ದೇವರಿಗೆ ಕೊಟ್ಟಿದ್ದಳು. ಅತ್ತೆ ಸತ್ತು ಒಲೆ ತನ್ನ ಕೈಗೆ ಬಂದ ಮೇಲೆ ದೇವರು ಆ ಹರಕೆಯನ್ನು ನಿಜ ಮಾಡಿಸಿಕೊಂಡ. ಪ್ರತಿ ಶನಿವಾರ ಬಿಸಿ ಗೋಧಿ ರೊಟ್ಟಿಯ ಪರಿಮಳ ಮನೆ ತುಂಬುತ್ತಿತ್ತು. ಗಂಡನಿಗೆ ದೊಡ್ಡ ಹೋಳು, ರೂಜಳಿಗೆ ಮೃದುವಾದ ನಡುಭಾಗ, ತಾನು ಒಲೆಗೆ ಬೆನ್ನು ಮಾಡಿ ಪ್ರೋಯ. ಹೊಟ್ಟೆಗೆ ಗೋಧಿ ಒಗ್ಗುವುದಿಲ್ಲ ಎಂದು ಮಗಳಿಗೂ, ಆಮೇಲೆ ಬಂದ ಅಳಿಯನಿಗೂ ಸುಳ್ಳು ಹೇಳಿದ್ದಳು. ರೂಜ ಸತ್ತ ಮೇಲೆ ಹರಕೆಯೂ ಸತ್ತಿತು. ಅಂಗಡಿಯ ರೊಟ್ಟಿ ತಂದು ತಿಂದಳು. ಹತ್ತಿಯ ಹಾಗಿತ್ತು.

“ಅಜ್ಜಿ?”

“ಗೋಧಿಯದೇ. ಇನ್ಯಾವುದು?” ಎಂದಳು ಕ್ರೂನಿಯ. ಧ್ವನಿಯಲ್ಲಿ ಗಿರಣಿಯ ಮುಂದಿನ ಹಳೆಯ ಗತ್ತು ತಾನಾಗಿ ಬಂದಿತ್ತು. “ಈ ಮನೆಯನ್ನ ಏನಂದುಕೊಂಡೆ? ಪ್ರೋಯ ತಿನ್ನೋರ ಮನೆ ಅಂದುಕೊಂಡೆಯಾ?”

ಹುಡುಗಿ ಗುರುತು ಹಾಕಿದಳು. ಹೊಗೆಸೊಪ್ಪು ಸೇದುತ್ತಿದ್ದಿರಾ, ನೋವಿನ ಮಾತ್ರೆ ಎಷ್ಟು ನುಂಗುತ್ತಿದ್ದಿರಿ. ಹೊರಗೆ ಸುತ್ತಿಗೆ ಬೀಳುತ್ತಿತ್ತು, ಒಳಗೆ ಗೋಧಿ ಕೊತಕೊತ ಎನ್ನುತ್ತಿತ್ತು. ಕೊನೆಗೆ ಹುಡುಗಿ ಚೀಲದಿಂದ ಒಂದು ರಟ್ಟು ತೆಗೆದಳು. ಅದರ ಮೇಲೆ ಒಣಗಿಸಿ ಅಂಟಿಸಿದ ಗಿಡ. ಹೃದಯದ ಆಕಾರದ ಎಲೆ, ಸಣ್ಣ ಮರಸೇಬಿನ ಹಾಗಿನ ಕಾಯಿ, ಒಡೆದ ಕಾಯಿಯಲ್ಲಿ ಒಂದರ ಮೇಲೊಂದು ಪೇರಿಸಿದ ಚಪ್ಪಟೆ ಬೀಜ.

“ತೋಳದ ಸೇಬು,” ಎಂದಳು ಕ್ರೂನಿಯ, ಪ್ರಶ್ನೆ ಬರುವ ಮೊದಲೇ.

“ಹೊಲದಲ್ಲಿ ಇತ್ತಾ ಇದು? ಗೋಧಿ ಕೊಯ್ಲಿನ ಜೊತೆ ಬರ್ತಿತ್ತಾ?”

“ಬರದೆ? ಇದ್ದೇ ಇರ್ತಿತ್ತು. ನಾಚಿಕೆಗೇಡಿನ ಕಳೆ. ಮೇಕೆ ಸುದ್ದಾ ಮೂಸಲ್ಲ ಇದನ್ನ. ತೂರಿದರೆ ಹಾರಲ್ಲ, ಜರಡಿಗೆ ಹಾಕಿದರೆ ಕಾಳಿನ ಜೊತೇನೇ ಬೀಳುತ್ತೆ. ಸರಕಾರಕ್ಕೆ ಕೊಡೋ ಗೋಧೀನ ಕೂತು ಕೈಯಲ್ಲಿ ಆರಿಸಬೇಕಿತ್ತು, ಇಲ್ಲದಿದ್ದರೆ ವಾಪಸು ಕಳಿಸೋರು. ಆರಿಸದೇ ಉಳಿದದ್ದು ಮನೆಗೆ...”

ಮನೆಗೆ ಎಂಬ ಮಾತು ಬಾಯಿಂದ ಹೊರಟು ಅಲ್ಲೇ ಗಾಳಿಯಲ್ಲಿ ನಿಂತಿತು. ಕ್ರೂನಿಯ ರಟ್ಟನ್ನು ನೋಡಿದಳು. ಯಾಕೆ ಈ ಹುಡುಗಿ ಮೊದಲು ರೊಟ್ಟಿ ಕೇಳಿದಳು, ಆಮೇಲೆ ಈ ಗಿಡ ತೋರಿಸಿದಳು? ಒಕ್ಕಣೆಯ ಕಣದಲ್ಲಿ ಈ ಕಾಯಿ ಒಡೆದಾಗ ಏಳುತ್ತಿದ್ದ ಹುಳಿತ ಸೇಬಿನಂಥ ವಾಸನೆ ಮೂಗಿಗೆ ಬಂತು. ಆರಿಸದೆ ಉಳಿದದ್ದು ಚೀಲದಲ್ಲಿ, ಚೀಲ ಗಿರಣಿಯಲ್ಲಿ, ಹಿಟ್ಟು ಹರಿವಾಣದಲ್ಲಿ, ಹರಿವಾಣದಲ್ಲಿ ತನ್ನ ಕೈ. ಸ್ತಮೇನಿಯ ಎದೆಗೆ ಅವುಚಿಕೊಂಡ ರೊಟ್ಟಿ. ರಾದಿಸಾವನ ದೊಡ್ಡ ಹೋಳು. ಕೊಟ್ಟಿಗೆಯ ಕತ್ತಲಲ್ಲಿ ಮಗುವಿನ ಬಾಯಿಗೆ ಇಟ್ಟ ಬಿಳಿಯ ತಿರುಳು, ಇನ್ನೂ ಸ್ವಲ್ಪ ತಿನ್ನು ಪುಟ್ಟೀ, ಇನ್ನೂ ಸ್ವಲ್ಪ. ತಾನು ಮಾತ್ರ ಮೂಲೆಯಲ್ಲಿ ಅವಮಾನ ಅಗಿಯುತ್ತಾ ನಿಂತಿದ್ದಳು, ಆ ಅವಮಾನ ಅವಳನ್ನು ಕಾಪಾಡಿತ್ತು. ಹರಕೆಯೂ ಕಾಪಾಡಿತ್ತು. ಮಗಳನ್ನು ಉಳಿಸು ಎಂದು ಕೇಳಿದ್ದಕ್ಕೆ ದೇವರು ತಾಯಿಯನ್ನು ಉಳಿಸಿದ್ದ. ಇರಲಾರದು ಎಂದುಕೊಂಡಳು. ಒಂದು ಕಳೆ ಅದು, ಕಾಲಲ್ಲಿ ತುಳಿದು ಓಡಾಡಿದ ಕಳೆ. ಆದರೆ ಪರ್ಸಿದಳದು ದೊಡ್ಡ ಮನೆ, ಒಬ್ಬಳೇ ಮಗಳು, ಗಂಡನನ್ನೇ ಮನೆ ತುಂಬಿಸಿಕೊಂಡವಳು. ಅವಳಿಗೆ ಅತ್ತೆಯೇ ಇರಲಿಲ್ಲ. ಅವಳು ಹುಟ್ಟಿದಂದಿನಿಂದ ಗೋಧಿ ತಿಂದವಳು. ಅವಳು ನಿಜ ಹೇಳಿರುತ್ತಾಳೆ. ನಾನು ಸುಳ್ಳು ಹೇಳಿ ಅವಳ ನಿಜದ ಬಾಯಿ ಹೊಲಿದೆ.

ಹೊರಗೆ ಏಟು, ಬಿರುಕು, ಏಟು. ಬಾಗಿಲ ಸಂದಿಯಿಂದ ಬುದಿಮಿರನ ಮೊಣಕೈ ಕಾಣುತ್ತಿತ್ತು. ಬಾಯಿ ಬಿಟ್ಟರೆ ಅವನಿಗೆ ಕೇಳುತ್ತದೆ. ಅವನಿಗೆ ಬೆಟ್ಟದ ಊಟೆ ಇದೆ, ಹೊತ್ತ ನೀರು ಇದೆ, ಆದಷ್ಟು ಮಾಡಿದೆ ಎಂಬ ಸಮಾಧಾನ ಇದೆ. ಅದೊಂದರ ಮೇಲೆ ಈ ಮನೆಯ ಎರಡು ಜೀವ ನಿಂತಿವೆ. ಬಾಯಿ ಬಿಡದಿದ್ದರೆ ರೊಟ್ಟಿ ಪಾಪದ್ದಾಗುತ್ತದೆ, ತೋಳದ ಸೇಬು ಪಾಪದ್ದಾಗುತ್ತದೆ. ಸಂತ ಪೇತ್ಕ ಗೋಡೆಯಿಂದ ನೋಡುತ್ತಿದ್ದಳು, ಎಂದಿನಂತೆ, ಬೈಯದೆ, ಸಹಾಯವನ್ನೂ ಮಾಡದೆ.

ಹುಡುಗಿ ಹಾಳೆಗಳನ್ನು ಜೋಡಿಸಿ ಎದ್ದು ನಿಂತಿದ್ದಳು.

“ಮಗಳೇ, ಕೂತುಕೋ,” ಎಂದಳು ಕ್ರೂನಿಯ. “ಆ ರೊಟ್ಟಿಯದು ಬೇರೆ ಬರೆದುಕೋ. ನಾನು ತಿಂದದ್ದು ಪ್ರೋಯ. ಈ ಮನೆಗೆ ಬಂದ ದಿನದಿಂದ ನನ್ನ ಮಗಳು ಕಣ್ಣು ಮುಚ್ಚೋತನಕ, ಪ್ರೋಯ. ಗೋಧಿ ತಿಂದದ್ದು ಮನೆಯ ಉಳಿದವರೆಲ್ಲ.”

ಹೊರಗೆ ಏಟು ನಿಂತಿತು.

ಹುಡುಗಿ ಕೂರಲಿಲ್ಲ. ಅವಳ ಮುಖದಲ್ಲಿ ಒಂದು ಕ್ಷಣ ಏನೋ ಬೆಳಗಿ ಆರಿತು. “ಅಜ್ಜಿ... ಆಗಲ್ಲ.”

“ಯಾಕೆ ಆಗಲ್ಲ? ಹೊಡೆದುಹಾಕಿ ಬರಿ.”

“ಗಿಡ ತೋರಿಸಿದ ಮೇಲೆ ರೊಟ್ಟಿ ಉತ್ತರ ಬದಲಿಸೋ ಹಾಗಿಲ್ಲ. ಅದಕ್ಕೇ ರೊಟ್ಟಿ ಮೊದಲು, ಗಿಡ ಆಮೇಲೆ. ಗಿಡ ನೋಡಿದ ಮೇಲೆ ನೆನಪು ನೆನಪಾಗಿ ಉಳಿಯಲ್ಲ ಅಜ್ಜಿ. ಜನ ಯಾವುದರ ಮೇಲೆ ಅನುಮಾನವೋ ಆ ಕಡೆ ವಾಲಿಬಿಡ್ತಾರೆ.”

“ನಾನು ವಾಲಲಿಲ್ಲ. ಮೊದಲು ಹೇಳಿದ್ದು ಸುಳ್ಳು. ನಾಚಿಕೆಗೆ ಹೇಳಿದ್ದು.”

“ನನಗೆ ನಂಬಿಕೆ ಇದೆ.”

“ನಂಬಿಕೆ ಇದ್ದರೆ ಬರಿ.”

“ನಿಮ್ಮೊಬ್ಬರಿಗೆ ಬರೆದರೆ ಎಲ್ಲರ ಮನೆಗೂ ವಾಪಸು ಹೋಗಿ, ಈಗ ಏನಂತೀರಿ ಅಂತ ಕೇಳಬೇಕು. ಪರ್ಸಿದ ಅಜ್ಜಿನೂ ಕೇಳಬೇಕು. ಆಗ ಯಾರ ಮಾತನ್ನ ನಾವು ನಂಬೋದು?” ಎಂದು ಹುಡುಗಿ ಗುಂಡಿ ಹಾಕಿಕೊಳ್ಳುತ್ತಾ, ಹೇಳಬಾರದ್ದನ್ನು ಹೇಳುವವಳಂತೆ ಧ್ವನಿ ತಗ್ಗಿಸಿದಳು. “ಈ ಕಡೆ ಊರುಗಳಲ್ಲಿ ಪ್ರೋಯ ತಿಂದೆ ಅಂದವರು ಒಬ್ಬರೂ ಇಲ್ಲ ಅಜ್ಜಿ. ರೋಗಿಗಳೂ ಗೋಧಿ, ಆರೋಗ್ಯದವರೂ ಗೋಧಿ. ಎಲ್ಲಾ ಜೋಡಿ ಮೂಕ.”

ಅವಳು ಹೊಸ್ತಿಲ ಹೊರಗೆ ಮತ್ತೆ ಬೂಟು ಉಜ್ಜಿದಳು, ಹೋಗುವಾಗ ಉಜ್ಜುವುದು ಬೇಕಿರಲಿಲ್ಲ. ಕ್ರೂನಿಯಳ ಕಣ್ಣ ಮುಂದೆ ಗಿರಣಿಯ ಅಂಗಳದ ಸೊಸೆಯಂದಿರೆಲ್ಲ ಸಾಲಾಗಿ ನಿಂತಿದ್ದರು. ತಲೆಗೆ ಬಟ್ಟೆ ಕಟ್ಟಿ, ಚೀಲ ಹೊತ್ತು, ಗಲ್ಲ ಎತ್ತಿ ನಿಂತ ಆ ಹುಡುಗಿಯರೆಲ್ಲ ಈಗ ಮುದುಕಿಯರು, ಬದುಕಿ ಉಳಿದ ಮುದುಕಿಯರು, ಏನೂ ಆಗದವರು. ಒಬ್ಬೊಬ್ಬಳೂ ಈ ಹುಡುಗಿಯ ಎದುರು ಕೂತು, ಇನ್ಯಾವುದು, ಗೋಧಿಯದೇ, ಎಂದಿದ್ದಾಳೆ.

ಬುದಿಮಿರ ಒಳಗೆ ಬಂದು ಬಟ್ಟಲನ್ನು ಮೇಜಿನ ಮೇಲಿಟ್ಟ. ಅಕ್ರೋಟು ಅರ್ಧ ಮಾತ್ರ ಒಡೆದಿತ್ತು. ನಿಂತೇ ಇದ್ದ. “ರೂಜ? ನಾನು ಬರೋ ಮುಂಚೆ?” ಎಂದ.

“ಅವಳಿಗೆ ಗೋಧಿಯದು.”

“ಯಾವಾಗಿನಿಂದ?”

“ಹಲ್ಲು ಬಂದಾಗಿನಿಂದ. ನನ್ನ ಕೈಯಿಂದಲೇ.”

ಯಾರಿಗೆ ಗೊತ್ತಿತ್ತು ಎನ್ನಬಹುದಿತ್ತು. ಯಾರಿಗೂ ಗೊತ್ತಿರಲಿಲ್ಲ, ಅದು ನಿಜವೇ. ಆದರೆ ಈ ಹೊತ್ತು ನಿಜಗಳೆಲ್ಲ ತಡವಾಗಿ ಬರುವ ಹೊತ್ತು. ಅವನು ಒಲೆಯ ಪಕ್ಕದ ನೀರಿನ ಕ್ಯಾನನ್ನು ನೋಡಿದ. ಮೊದಲ ಸಲ ಕಂಡವನಂತೆ ನೋಡಿದ. ಅದನ್ನೆತ್ತಿಕೊಂಡು ಹೊರಗೆ ಹೋದ. ಅಂಗಳದಲ್ಲಿ ನೀರು ಸುರಿಯುವ ಸದ್ದು ಕೇಳಿತು. ಒಮ್ಮೆಗೇ ಎರಚಿದ್ದಲ್ಲ, ಹನಿ ಹನಿಯಾಗಿ ಮುಗಿಯುವ ತನಕ ಬಗ್ಗಿಸಿ ಹಿಡಿದದ್ದು. ಅವನು ಒಳಗೆ ಬರಲಿಲ್ಲ. ಕ್ರೂನಿಯ ಉಳಿದ ಅಕ್ರೋಟನ್ನು ತಾನೇ ಒಡೆದಳು. ದೀಪ ಹಚ್ಚಿ ಸಂಜೆಯ ಪ್ರಾರ್ಥನೆಗೆ ನಿಂತಾಗ, ದಿನದ ರೊಟ್ಟಿಯನ್ನು ಬೇಡುವ ಜಾಗ ಬಂತು. ಬಾಯಿ ಅಲ್ಲಿಗೆ ಬಂದು ನಿಂತಿತು, ಮುದಿ ಹಸು ಕಾಲುವೆಯ ಮುಂದೆ ನಿಲ್ಲುವ ಹಾಗೆ. ಅವಳು ಆ ಸಾಲನ್ನು ದಾಟಿಸದೆ, ಮೊದಲಿನಿಂದ ಶುರು ಮಾಡಿದಳು. ಮತ್ತೆ ಅಲ್ಲೇ ನಿಂತಿತು.

ಬೆಳಿಗ್ಗೆ ಸ್ಮಶಾನದಲ್ಲಿ ಮಂಜು ಇತ್ತು. ಮೇಣದ ಬತ್ತಿಗಳ ವಾಸನೆ, ಒದ್ದೆ ಎಲೆಯ ವಾಸನೆ. ಪಾದ್ರಿಗಳು ಸಮಾಧಿಯಿಂದ ಸಮಾಧಿಗೆ ಬಂದು ರೂಜಳ ಹೆಸರು ಕೂಗಿ, ಗೋಧಿಯ ಮೇಲೆ ಕೆಂಪು ದ್ರಾಕ್ಷಾರಸ ಚಿಮುಕಿಸಿ, ಮುಂದಕ್ಕೆ ಹೋದರು. ಬುದಿಮಿರ ಬಂದಿದ್ದ. ಸಮಾಧಿಯ ಆ ಬದಿಯಲ್ಲಿ ನಿಂತಿದ್ದ.  ಪ್ರತಿ ವರ್ಷ ಮೊದಲ ಚಮಚ ಅವನದು; ಈ ಸಲ ಇನ್ನೂ ಕೈ ಚಾಚಿರಲಿಲ್ಲ.

ಪರ್ಸಿದ ಕೋಲೂರಿಕೊಂಡು ಬಂದಳು. “ದೇವರು ಅವಳ ಆತ್ಮಕ್ಕೆ ಶಾಂತಿ ಕೊಡಲಿ. ನನಗೆ ಎರಡೇ ಕಾಳು ಕೊಡೇ, ಅಕ್ರೋಟು ತೆಗೆದು ಕೊಡು, ಡಾಕ್ಟರು ಬೈತಾರೆ” ಎಂದವಳು, ಕಾಳುಗಳನ್ನು ಅಂಗೈಯಲ್ಲಿಟ್ಟುಕೊಂಡು ತಡೆಯಲಾರದೆ ಬಗ್ಗಿ ಕೇಳಿದಳು. “ಬಂದಿದ್ದಳಲ್ಲ ನಿನ್ನೆ. ರೊಟ್ಟಿ ಕೇಳಿದಳಾ? ಏನಂದೆ?”

ತಾಮ್ರದ ಅಂಗೈಯ ನಡುವೆ ಎರಡು ಬಿಳಿ ಕಾಳು. ಕ್ರೂನಿಯ ಅದನ್ನೇ ನೋಡಿದಳು.

“ಗೋಧಿ ಅಂತ ಬರೆದುಕೊಂಡಿದ್ದಾರೆ.”

“ನಾನೂ ಅದೇ ಅಂದೆ ಕಣೇ!” ಎಂದಳು ಪರ್ಸಿದ, ಹಗುರಾದವಳಂತೆ. “ನೋಡು ಮತ್ತೆ. ನಿನ್ನ ಅತ್ತೆ ಸೊಸೆಗೆ ಪ್ರೋಯ ಹಾಕ್ತಾಳೆ ಅಂತ ಊರೆಲ್ಲ ಆಡಿಕೊಳ್ತಿತ್ತು, ಪಾಪ ಆ ಹೆಂಗಸನ್ನ. ಹಾಗಾದ್ರೆ ನಾವಿಬ್ಬರೂ ಒಂದೇ.” ಕಾಳುಗಳನ್ನು ಬಾಯಿಗೆ ಹಾಕಿಕೊಂಡು, ಶಿಲುಬೆ ಗುರುತು ಮಾಡಿ, ಮುಂದಿನ ಸಮಾಧಿಗೆ ಹೋದಳು.

ಬುದಿಮಿರ ಬಟ್ಟಲಿನತ್ತ ಬಗ್ಗಿದ. ಚಮಚ ಎತ್ತಿ ಗೋಧಿ ತುಂಬಿಸಿದ. ಬಾಯಿಗೆ ಒಯ್ಯಲಿಲ್ಲ. ಸಮಾಧಿಯ ಮೇಲಿಂದ ಕೈ ಚಾಚಿ ಚಮಚವನ್ನು ಕ್ರೂನಿಯಳ ತುಟಿಯ ಹತ್ತಿರ ಹಿಡಿದ. ಸುತ್ತಲಿನವರು ನೋಡುತ್ತಿದ್ದರು, ಎಂಥ ಅಳಿಯ ಎಂದುಕೊಂಡಿರಬೇಕು.

“ಮೊದಲು ನೀವು ತಿನ್ನಿ, ಅತ್ತೆ,” ಎಂದ. ಅಮ್ಮ ಎನ್ನುತ್ತಿದ್ದವನು ಅವಳನ್ನು ಎಂದೂ ಹಾಗೆ ಕರೆದಿರಲಿಲ್ಲ.

ಅವಳು ಬಾಯಿ ತೆರೆದಳು. ಅವನು ಚಮಚ ವಾಪಸು ತೆಗೆಯದೆ, ಅವಳು ಅಗಿಯುವುದನ್ನು, ನುಂಗುವುದನ್ನು ಕಾದು ನಿಂತ. ಗೋಧಿ ಚೆನ್ನಾಗಿ ಬೆಂದಿತ್ತು. ಸಿಹಿ ಸರಿಯಾಗಿತ್ತು. ಒಂದು ಕಲ್ಲಿಲ್ಲ, ಒಂದು ಕಳೆಬೀಜವಿಲ್ಲ. ಒಂದೊಂದೇ ಕಾಳನ್ನು ಅವಳೇ ಕೂತು ಆರಿಸಿದ್ದಳು.